ಓಟಿಪಿ ಚೆನ್ನೈಗೆ, ಅವ್ವ ದಾವಣಗೆರೆಯಲ್ಲಿ

ಬೆಳಿಗ್ಗೆ ಹತ್ತೂವರೆ. ನಾನು ಚೆನ್ನೈಯಲ್ಲಿ, ಆಫೀಸಿನ ಮೀಟಿಂಗಿನಲ್ಲಿದ್ದೆ. ದಾವಣಗೆರೆಯಿಂದ ಅವ್ವನ ಫೋನು.

“ತಮ್ಮಾ, ನಿನಗೊಂದು ನಂಬರ್ ಬಂದೈತಂತೆ, ಲಗೂನ ಹೇಳು. ಹಿಂದಿನೋರು ಬೈಯಾಕತ್ತಾರೆ.”

ಅವಳು ಆಸ್ಪತ್ರೆಯ ಚೀಟಿ ಕೌಂಟರಿನ ಮುಂದೆ ನಿಂತಿದ್ದಾಳೆ. ಎರಡು ವರ್ಷದ ಹಿಂದೆ ಅಲ್ಲಿ ಅವಳ ಹೆಸರು ಬರೆಸುವಾಗ ಜಾಣತನ ಮಾಡಿ ನನ್ನ ನಂಬರ್ ಕೊಟ್ಟವನು ನಾನೇ. ಅವಳಿಗೆ ಆಭಾ ಅನ್ನುವ, ಸರ್ಕಾರದ ಆರೋಗ್ಯ ಖಾತೆಯ 14 ಅಂಕಿಯ ನಂಬರೂ ಇದೆ. ಅದೂ ನನ್ನ ಫೋನಿನಲ್ಲೇ ಇದೆ.

ಇಂಥ ಸಾಫ್ಟ್‌ವೇರ್ ಮಾಡುವವರ ಲೆಕ್ಕದಲ್ಲಿ ಒಬ್ಬರಿಗೆ ಒಂದು ಫೋನು. ನಮ್ಮ ಕೆ.ಟಿ.ಜೆ. ನಗರದಲ್ಲಿ ಎಷ್ಟೋ ಮನೆಗಳಲ್ಲಿ ಫೋನು ಒಂದು, ಗುಳಿಗೆ ನುಂಗುವವರು ನಾಲ್ವರು. ಇದು ಯಾರಿಗೂ ಹೊಳೆಯದ ವಿಷಯವೇನಲ್ಲ. ಕೋವಿಡ್ ಲಸಿಕೆಯ ಕೋವಿನ್‌ನಲ್ಲಿ ಒಂದೇ ನಂಬರಿಗೆ ನಾಲ್ವರನ್ನು ಸೇರಿಸಬಹುದಿತ್ತು. 2022ರ ಜನವರಿಯಲ್ಲಿ ಅದನ್ನು ಆರಕ್ಕೆ ಏರಿಸಿದರು. ಅದರಲ್ಲಿ ಕನ್ನಡ ಬಂದದ್ದು ಮಾತ್ರ 2021ರ ಜೂನಿನಲ್ಲಿ. ಅಷ್ಟರಲ್ಲಿ ನನ್ನಂಥ ಇಂಗ್ಲಿಷ್ ಬಲ್ಲವರು ಸ್ಲಾಟ್ ಹಿಡಿದಾಗಿತ್ತು ಬಿಡಿ.

ಇಲ್ಲಿ ಚೆನ್ನೈಯಲ್ಲಿ ಪಕ್ಕದ ಮನೆಯ ಪಾಟಿಗೆ, ಅಂದರೆ ಅಜ್ಜಿಗೆ, ಸಕ್ಕರೆ ಕಾಯಿಲೆ. ಅವರು ಯಾವ ಆ್ಯಪನ್ನೂ ಮುಟ್ಟಿಲ್ಲ. ತಮಿಳುನಾಡು 2021ರ ಆಗಸ್ಟಿನಲ್ಲಿ ‘ಮಕ್ಕಳೈ ತೇಡಿ ಮರುತ್ತುವಂ’ ಶುರು ಮಾಡಿತು. ಜನರನ್ನೇ ಹುಡುಕಿಕೊಂಡು ಹೋಗುವ ಚಿಕಿತ್ಸೆ ಅನ್ನೋಣ. ಅದರ ಕಡೆಯ ಹೆಣ್ಣುಮಗಳು ಮನೆಗೇ ಬಂದು ಬಿಪಿ, ಶುಗರ್ ನೋಡಿ ಗುಳಿಗೆ ಕೊಟ್ಟು ಹೋಗುತ್ತಾಳೆ. ಫೋನಿನಲ್ಲಿ ತುಂಬುವ ಕೆಲಸವೂ ಅವಳದೇ. ಪಾಟಿ ತೋಳು ಚಾಚಿದರೆ ಮುಗಿಯಿತು. ಫೋನು ಕೈಕೊಟ್ಟರೆ ಅದು ಅವಳ ತಲೆನೋವು, ಪಾಟಿಯದಲ್ಲ. ನಮ್ಮಲ್ಲೂ 2024ರಲ್ಲಿ ಕೋಲಾರದಿಂದ ‘ಗೃಹ ಆರೋಗ್ಯ’ ಶುರುವಾಗಿದೆ. ಒಳ್ಳೆಯದೇ ಆಯಿತು.

ಆದರೆ ಸುಮ್ನೆ ಚೆನ್ನೈಯನ್ನೇ ಹೊಗಳುತ್ತಾ ಕೂರಲಾರೆ. ನಾನು ಕಂಡ ಜಾಣರಲ್ಲಿ ಒಬ್ಬ ನಮ್ಮೂರಿನಲ್ಲೇ ಇದ್ದಾನೆ, ಅವ್ವ ಹೋಗುವ ಮೆಡಿಕಲ್ ಶಾಪಿನ ಹುಡುಗ. ಡಾಕ್ಟರ್ ಚೀಟಿಯಲ್ಲಿ 1-0-1 ಅಂತ ಇರುತ್ತದೆ, ಅಂದರೆ ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು. ಅವ್ವನಿಗೆ ಅದು ಬರೀ ಅಂಕಿ. ಆಸ್ಪತ್ರೆಯ ಆ್ಯಪಿನಲ್ಲೋ ಗುಳಿಗೆಯ ಉದ್ದುದ್ದ ಇಂಗ್ಲಿಷ್ ಹೆಸರು. ಈ ಹುಡುಗ ಊಟಕ್ಕೆ ಮುಂಚಿನ ಗುಳಿಗೆಯ ಸ್ಟ್ರಿಪ್ಪಿಗೆ ಕತ್ತರಿಯಿಂದ ಒಂದು ಮೂಲೆ ಕತ್ತರಿಸಿ ಕೊಡುತ್ತಾನೆ. ರಾತ್ರಿಯದಕ್ಕೆ ರಬ್ಬರ್ ಬ್ಯಾಂಡ್ ಸುತ್ತುತ್ತಾನೆ. ಕರೆಂಟ್ ಹೋದರೂ ಅವ್ವ ಬೆರಳಲ್ಲೇ ಸವರಿ ಯಾವುದು ಯಾವಾಗಿನದು ಅಂತ ಹೇಳುತ್ತಾಳೆ. ಆ್ಯಪ್ ಮಾಡುವವರು ಒಂದು ಸಂಜೆ ಆ ಅಂಗಡಿಯ ಮುಂದೆ ನಿಂತರೆ ಸಾಕು, ಜಾಸ್ತಿ ಏನೂ ಬೇಡ. ಜನ ಏನು ಕೇಳುತ್ತಾರೆ, ಯಾರನ್ನು ಜೊತೆಗೆ ಕರೆದುಕೊಂಡು ಬರುತ್ತಾರೆ, ಎಲ್ಲಿ ತಡವರಿಸುತ್ತಾರೆ, ಎಲ್ಲ ಕಾಣುತ್ತದೆ.

ಹೋದ ತಿಂಗಳು ಊರಿಗೆ ಹೋದಾಗ, ಈ ಓಟಿಪಿ ಕಾಟ ಮುಗಿಸೋಣ ಅಂತ ಅವ್ವನನ್ನು ಕರೆದುಕೊಂಡು ಅದೇ ಕೌಂಟರಿಗೆ ಹೋದೆ. ನಂಬರ್ ಬದಲಿಸಲು ಹಳೆಯ ನಂಬರಿಗೊಂದು ಓಟಿಪಿ, ಹೊಸದಕ್ಕೊಂದು. ಹಳೆಯದು ನನ್ನ ಜೇಬಿನಲ್ಲೇ ಇತ್ತು, ತಕ್ಷಣ ಬಂತು. ಹೊಸದು ಅವ್ವನ ಫೋನು. ಅದನ್ನು ಅವಳು ಮನೆಯಲ್ಲಿ ಚಾರ್ಜಿಗೆ ಹಾಕಿ ಬಂದಿದ್ದಳು.