ಅಡಿಕೆ ಮಂಡಿಗೆ ಮನೆಯ ರೂಟರ್ ಸಾಲುವುದಿಲ್ಲ

ಏಪ್ರಿಲ್ ತಿಂಗಳ ಮೊದಲ ಗುಡುಗು ಮಳೆ ಬಿದ್ದ ಮರುದಿನ, ನಾನು ಅಂಗಡಿಯ ಬಾಗಿಲು ತೆಗೆಯುವ ಮೊದಲೇ ಮೆಟ್ಟಿಲ ಮೇಲೆ ಇಬ್ಬರೋ ಮೂವರೋ ಪ್ಲಾಸ್ಟಿಕ್ ಕವರ್ ಹಿಡಿದು ನಿಂತಿರುತ್ತಾರೆ. ಕವರಿನೊಳಗೆ ರೂಟರ್ ಇರುತ್ತದೆ, ಇಲ್ಲವೇ ಹಲವು ಕಂಪ್ಯೂಟರ್‌ಗಳನ್ನು ಕೇಬಲ್ಲಿನಿಂದ ಒಂದಕ್ಕೊಂದು ಜೋಡಿಸುವ ಎಂಟು ಪೋರ್ಟಿನ ಸ್ವಿಚ್. ಹೊರಗಿನಿಂದ ನೋಡಿದರೆ ಏನೂ ಆದಂತಿರುವುದಿಲ್ಲ. ಬಿಚ್ಚಿದರೆ ಪೋರ್ಟಿನ ಹಿಂದಿನ, ಬೆರಳಿನ ಉಗುರಿನಷ್ಟಿರುವ ಟ್ರಾನ್ಸ್‌ಫಾರ್ಮರ್ ಒಡೆದು ಬೋರ್ಡಿನ ಮೇಲೆ ಮಸಿ ಹರಡಿರುತ್ತದೆ, ಸುಟ್ಟ ವಾಸನೆ ಇನ್ನೂ ಆರಿರುವುದಿಲ್ಲ. ಶಿವಮೊಗ್ಗದಲ್ಲಿ ನೆಟ್‌ವರ್ಕಿಂಗ್ ಸಾಮಾನು ಮಾರುತ್ತ ಹದಿನೆಂಟು ವರ್ಷ ಕಳೆದಿದ್ದೇನೆ. ಈ ವ್ಯಾಪಾರದಲ್ಲಿ ಗಿರಾಕಿಗಳನ್ನು ವಿಂಗಡಿಸುವ ಕ್ರಮವೇ ನಮ್ಮ ಸೀಮೆಗೆ ಹೊಂದುತ್ತಿಲ್ಲ ಎಂಬುದು ವರ್ಷದಿಂದ ವರ್ಷಕ್ಕೆ ನನಗೆ ಗಟ್ಟಿಯಾಗುತ್ತ ಬಂದಿದೆ.

ಕಂಪನಿಗಳ ಲೆಕ್ಕದಲ್ಲಿ ಗಿರಾಕಿಗಳು ಐದು ಬಗೆ: ಮನೆ, ಸಣ್ಣ ವ್ಯಾಪಾರ, ದೊಡ್ಡ ಸಂಸ್ಥೆ, ಇಂಟರ್ನೆಟ್ ಸೇವೆ ಒದಗಿಸುವವರು ಮತ್ತು ಸರ್ಕಾರ. ಎಷ್ಟು ಜನ ಬಳಸುತ್ತಾರೆ, ಎಷ್ಟು ಕಂಪ್ಯೂಟರ್‌ಗಳಿವೆ ಎಂಬುದೇ ಇಲ್ಲಿ ಮುಖ್ಯ ಅಳತೆ. ಈ ವಿಂಗಡಣೆ ಸುಮ್ಮನೆ ಹುಟ್ಟಿದ್ದೆಂದು ನಾನು ಹೇಳುವುದಿಲ್ಲ. ದೊಡ್ಡ ಸಂಸ್ಥೆಗಳಿಗೆ ಮಾರಿ ಹೆಸರಾದ ಸಿಸ್ಕೋ 2003ರಲ್ಲಿ ಮನೆಬಳಕೆಯ ರೂಟರ್ ಮಾಡುವ ಲಿಂಕ್‌ಸಿಸ್ ಕಂಪನಿಯನ್ನು ಸುಮಾರು 50 ಕೋಟಿ ಡಾಲರಿಗೆ ಕೊಂಡುಕೊಂಡಿತು, ಹತ್ತು ವರ್ಷ ನಡೆಸಿ 2013ರಲ್ಲಿ ಬೆಲ್ಕಿನ್‌ಗೆ ಮಾರಿಬಿಟ್ಟಿತು. ಈ ಎರಡು ಮಾರುಕಟ್ಟೆಗಳ ಗಳಿಕೆಯ ದಾರಿಯೇ ಬೇರೆ. ದೊಡ್ಡ ಸಂಸ್ಥೆ ಪ್ರತಿ ವರ್ಷ ನಿರ್ವಹಣೆಯ ಒಪ್ಪಂದಕ್ಕೆ ಹಣ ಕಟ್ಟುತ್ತದೆ. ಮನೆಯವನು ಒಂದು ಸಲ ಕೊಂಡುಹೋದರೆ ಅದು ಕೆಡುವ ತನಕ ನಮ್ಮ ಮುಖ ನೋಡುವುದಿಲ್ಲ. ಅಷ್ಟು ದೊಡ್ಡ ಕಂಪನಿಗೇ ಇವೆರಡನ್ನೂ ಒಂದೇ ಸೂರಿನಡಿ ಉಳಿಸಿಕೊಳ್ಳಲು ಆಗಲಿಲ್ಲವೆಂದರೆ ಗಿರಾಕಿಗಳನ್ನು ಬೇರೆ ಬೇರೆಯಾಗಿ ನೋಡಬೇಕೆಂಬ ಮಾತು ಸರಿಯೇ. ನನ್ನ ತಕರಾರು ಇರುವುದು ತಲೆ ಎಣಿಸಿ ಬೇರೆ ಮಾಡುವುದರ ಬಗ್ಗೆ.

ಎಪಿಎಂಸಿ ಯಾರ್ಡಿನ ಅಡಿಕೆ ಮಂಡಿಯೊಂದನ್ನು ತೆಗೆದುಕೊಳ್ಳಿ. ಒಳಗೆ ನಾಲ್ಕು ಕಂಪ್ಯೂಟರ್, ಒಂದು ಪ್ರಿಂಟರ್, ಆರು ಕ್ಯಾಮೆರಾ. ಕಂಪನಿಯ ಪಟ್ಟಿಯಲ್ಲಿ ಇದು ಅತಿ ಸಣ್ಣ ಗಿರಾಕಿ, ಹಾಗಾಗಿ ಅಲ್ಲಿಗೆ ಹೋಗುವುದು ಒಂದೂವರೆ ಸಾವಿರ ರೂಪಾಯಿಯ ಮನೆಯ ರೂಟರ್. ಆದರೆ ಆನ್‌ಲೈನ್ ಟೆಂಡರ್ ಬಂದ ಮೇಲೆ ಖರೀದಿದಾರ ನಿಗದಿತ ಹೊತ್ತಿನೊಳಗೆ ದರ ನಮೂದಿಸಲೇಬೇಕು. ಹೊತ್ತು ಮೀರಿದರೆ ಆ ದಿನದ ಅಡಿಕೆ, ರಾಶಿ ಇಡಿಯೋ ಬೆಟ್ಟೆಯೋ ಯಾವ ಬಗೆಯದಾದರೂ, ಇನ್ನೊಬ್ಬನ ಪಾಲು. ಕೊಯ್ಲಿನ ದಿನಗಳಲ್ಲಿ ಅಲ್ಲಿ ಲಕ್ಷಗಟ್ಟಲೆ ವ್ಯವಹಾರ ನಡೆಯುತ್ತದೆ. ಮೂವತ್ತು ಕಂಪ್ಯೂಟರ್ ಇರುವ ಕಚೇರಿಯಲ್ಲಿ ನೆಟ್‌ವರ್ಕ್ ಅರ್ಧ ದಿನ ನಿಂತರೆ ಜನ ಚಹಾ ಕುಡಿದು ಬರುತ್ತಾರೆ, ಇಲ್ಲಿ ಅರ್ಧ ಗಂಟೆ ನಿಂತರೆ ನಷ್ಟ. ಇನ್ನು ಅಡಿಕೆ ಧೂಳು: ಫ್ಯಾನ್ ಇರುವ ಸ್ವಿಚ್ಚನ್ನು ಅಲ್ಲಿಟ್ಟರೆ ಒಂದು ಹಂಗಾಮಿನಲ್ಲಿ ಫ್ಯಾನಿನ ರೆಕ್ಕೆಗೆ ಕಂದು ಬಣ್ಣದ ಪದರ ಕಟ್ಟಿ, ತಿರುಗುವ ಸದ್ದೇ ಬದಲಾಗುತ್ತದೆ. ಮಂಡಿಗೆ ಫ್ಯಾನ್ ಇಲ್ಲದ ಲೋಹದ ಕವಚದ ಸ್ವಿಚ್ ಬೇಕು, ಎರಡು ಇಂಟರ್ನೆಟ್ ಸಂಪರ್ಕಗಳನ್ನು ಸೇರಿಸಿಕೊಂಡು ಒಂದು ಹೋದರೆ ತಾನಾಗಿಯೇ ಇನ್ನೊಂದಕ್ಕೆ ಹೊರಳುವ ರೂಟರ್ ಬೇಕು, ಯುಪಿಎಸ್ ಬೇಕು. ಇಷ್ಟನ್ನೂ ಹೇಳಿ ದರ ಕೊಟ್ಟರೆ ನಾನು ದುಬಾರಿ ವ್ಯಾಪಾರಿಯಾಗುತ್ತೇನೆ, ಹೇಳದೆ ಮಾರಿದರೆ ಮುಂದಿನ ಹಂಗಾಮಿನಲ್ಲಿ ಬೈಸಿಕೊಳ್ಳುತ್ತೇನೆ. ಹೇಳಿಯೇ ಮಾರಬೇಕೆಂದು ತೀರ್ಮಾನಿಸಲು ನನಗೆ ನಾಲ್ಕೈದು ವರ್ಷ ಬೇಕಾಯಿತು.

ಸಿಡಿಲಿನ ವಿಷಯವನ್ನು ಇನ್ನಷ್ಟು ಬಿಡಿಸಿ ಹೇಳಬೇಕು, ಏಕೆಂದರೆ ನಮ್ಮಲ್ಲಿ ಸಾಮಾನು ಹಾಳಾಗುವುದು ಹೆಚ್ಚಾಗಿ ಅದರಿಂದಲೇ. ಸಿಡಿಲು ನೇರವಾಗಿ ಮನೆಗೇ ಬಡಿಯಬೇಕೆಂದಿಲ್ಲ. ತೋಟದಂಚಿನ ಮರಕ್ಕೆ ಬಡಿದರೂ ಮನೆಯಿಂದ ಅಡಿಕೆ ಸುಲಿಯುವ ಶೆಡ್ಡಿಗೆ ಎಳೆದಿರುವ ಎಂಬತ್ತು ಮೀಟರ್ ತಾಮ್ರದ ಕೇಬಲ್ಲಿನಲ್ಲಿ ಒಮ್ಮೆಲೇ ಒತ್ತಡ ಹುಟ್ಟಿ ಎರಡೂ ತುದಿಯ ಪೋರ್ಟ್ ಸುಡುತ್ತವೆ. ತಾಮ್ರದ ಈಥರ್ನೆಟ್ ಕೇಬಲ್ಲನ್ನು ನೂರು ಮೀಟರ್ ತನಕ ಎಳೆಯಬಹುದೆಂದು ನಿಯಮ ಹೇಳುತ್ತದೆ, ನಿಜ. ಆದರೆ ಮಲೆನಾಡಿನಲ್ಲಿ ಕಟ್ಟಡದಿಂದ ಕಟ್ಟಡಕ್ಕೆ ಒಂದು ಮೀಟರ್ ತಾಮ್ರವನ್ನೂ ಎಳೆಯಬಾರದು ಎಂಬುದು ನನ್ನ ಅಭಿಪ್ರಾಯ. ಅಲ್ಲಿ ಫೈಬರ್ ಹಾಕಬೇಕು, ಎರಡು ತುದಿಗೆ ಫೈಬರಿನ ಬೆಳಕಿನ ಸಂಕೇತವನ್ನು ತಾಮ್ರದ ಕೇಬಲ್ಲಿಗೆ ಹೊಂದಿಸುವ ಮೀಡಿಯಾ ಕನ್ವರ್ಟರ್ ಇಡಬೇಕು. ಹಾಗೆ ಮಾಡಿದರೂ ಸುಟ್ಟ ಉದಾಹರಣೆ ನನ್ನ ಬಳಿ ಇದೆ. ಕಾರಣ ಹುಡುಕಿಕೊಂಡು ಹೋದಾಗ ಕಂಡದ್ದು ಹೊರಗಿನಿಂದ ಕಟ್ಟಡಕ್ಕೆ ಎಳೆಯುವ ಫೈಬರಿನ ಡ್ರಾಪ್ ಕೇಬಲ್ಲಿನ ಪಕ್ಕದಲ್ಲಿ ಭಾರ ಹೊರಲೆಂದು ಇರುವ ಉಕ್ಕಿನ ತಂತಿ. ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯದು, ಆ ತಂತಿಯಲ್ಲಿ ಧಾರಾಳವಾಗಿ ಹರಿಯುತ್ತದೆ. ತಂತಿಯನ್ನು ಸೂರಿನ ಕೊಕ್ಕೆಗೆ ಬಿಗಿದು ಅಲ್ಲಿಯೇ ಕತ್ತರಿಸಿ, ಎಳೆ ಇರುವ ಭಾಗವನ್ನಷ್ಟೇ ಒಳಗೆ ತರಬೇಕಿತ್ತು. ಕೆಲಸದ ಹುಡುಗ ಅವಸರದಲ್ಲಿ ಎರಡನ್ನೂ ಒಟ್ಟಿಗೆ ರೂಟರ್ ತನಕ ತಂದಿದ್ದ. ಅರ್ತಿಂಗ್ ಕೂಡ ಹಾಗೆಯೇ. ಜಂಬಿಟ್ಟಿಗೆಯ ನೆಲ ಬೇಸಿಗೆಯ ಕೊನೆಗೆ ಕಲ್ಲಿನಂತೆ ಒಣಗಿರುತ್ತದೆ, ಅರ್ತಿಂಗ್ ಗುಂಡಿಗೆ ನೀರು ಹಾಕುವವರಿಲ್ಲ, ಸಿಡಿಲು ಬರುವುದೂ ಆ ದಿನಗಳಲ್ಲಿಯೇ. ಇವು ಯಾವ ಕಂಪನಿಯ ಮಾರಾಟದ ಪುಸ್ತಿಕೆಯಲ್ಲೂ ಇಲ್ಲ. ಆದ್ದರಿಂದ ಇವನ್ನು ಕೊಟೇಶನ್ನಿನಲ್ಲಿ ಬರೆಯುವ ಹೊಣೆ ಊರಿನ ವ್ಯಾಪಾರಿಯದು.

ತೀರ್ಥಹಳ್ಳಿ, ಹೊಸನಗರ, ಆಗುಂಬೆ ಕಡೆಯ ಹೋಮ್‌ಸ್ಟೇಗಳದ್ದು ಬೇರೆ ಕಥೆ. 2020ರ ನಂತರ ಬೆಂಗಳೂರಿನ ಕೆಲಸವನ್ನು ಲ್ಯಾಪ್‌ಟಾಪಿನಲ್ಲಿ ಹೊತ್ತು ತರುವ ಅತಿಥಿಗಳು ಹೆಚ್ಚಾದರು. ರೂಮು ಹೇಗಿದೆ ಎಂದು ಕೇಳುವ ಮೊದಲೇ ವೈಫೈ ಹೇಗಿದೆ ಎನ್ನುತ್ತಾರೆ. ಹಳೆಯ ತೊಟ್ಟಿಮನೆಯ ಮಣ್ಣಿನ ಗೋಡೆ ಒಂದೂವರೆ ಅಡಿ ದಪ್ಪ. ಜಗುಲಿಯಲ್ಲಿಟ್ಟ ರೂಟರಿನ 5 ಗಿಗಾಹರ್ಟ್ಸ್ ಸಿಗ್ನಲ್ ಎರಡನೆಯ ಗೋಡೆಯ ಆಚೆ ಉಳಿಯುವುದಿಲ್ಲ. ಇಲ್ಲಿ ದೊಡ್ಡ ರೂಟರ್ ಮಾರುವುದು ತಪ್ಪು, ಕೋಣೆಗೊಂದು ವೈಫೈ ಹರಡುವ ಸಣ್ಣ ಆಕ್ಸೆಸ್ ಪಾಯಿಂಟ್ ಕೊಟ್ಟು ಅವುಗಳಿಗೆ ಕೇಬಲ್ಲಿನಲ್ಲಿಯೇ ವಿದ್ಯುತ್ ಕಳಿಸುವುದು ಸರಿ. ತೋಟದ ಆಚೆಯ ಕಾಟೇಜಿಗೆ ವೈರ್‌ಲೆಸ್ ಲಿಂಕ್ ಹಾಕಿಸಿದವರೊಬ್ಬರು ನಾಲ್ಕನೆಯ ವರ್ಷ ಸಾಮಾನು ಕೆಟ್ಟಿದೆಯೆಂದು ಹೇಳಿಕಳಿಸಿದರು. ನಾನೇ ಹೋಗಿ ಕಂಬ ಹತ್ತಿ ನೋಡಿದರೆ ಆಂಟೆನಾದ ಎದುರಿಗೆ ಅಡಿಕೆ ಸೋಗೆ, ಸೋಗೆಯಿಂದ ತೊಟ್ಟಿಕ್ಕುವ ಮಳೆನೀರು. ನಾವು ಲಿಂಕ್ ಹಾಕಿದಾಗ ಎಳೆಯದಾಗಿದ್ದ ಮರಗಳು ಅಷ್ಟು ಬೆಳೆದಿದ್ದವು.

ಕಾಲೇಜುಗಳಲ್ಲಿ ತೊಡಕು ಹಣದ ಸ್ವರೂಪದಲ್ಲಿದೆ. ಇತ್ತೀಚೆಗೆ ಕ್ಲೌಡಿನಿಂದ, ಅಂದರೆ ಇಂಟರ್ನೆಟ್ ಮೂಲಕ ದೂರದ ಸರ್ವರಿನಿಂದ, ನಿಯಂತ್ರಿಸುವ ಉಪಕರಣಗಳನ್ನೇ ಕಂಪನಿಗಳು ಮುಂದೆ ಮಾಡುತ್ತಿವೆ, ಅವುಗಳಿಗೆ ವರ್ಷಕ್ಕೋ ಮೂರು ವರ್ಷಕ್ಕೋ ಲೈಸೆನ್ಸ್ ನವೀಕರಿಸಬೇಕು. ಅನುದಾನದಲ್ಲಿ ಒಂದು ಸಲ ಖರೀದಿಸಲು ಹಣ ಸಿಗುತ್ತದೆ, ನವೀಕರಣಕ್ಕೆ ಸಿಗುವುದಿಲ್ಲ. ಕೆಲವು ಬಗೆಯ ಉಪಕರಣಗಳು ಲೈಸೆನ್ಸ್ ಮುಗಿದರೆ ಕೆಲಸವನ್ನೇ ನಿಲ್ಲಿಸುತ್ತವೆ ಎಂಬುದನ್ನು ಪ್ರಾಂಶುಪಾಲರಿಗೆ ಮೊದಲೇ ಹೇಳದೆ ಮಾರುವುದನ್ನು ನಾನು ಮೋಸವೆಂದೇ ಕರೆಯುತ್ತೇನೆ. ಒಂದು ಕಂಪನಿಯ ಪ್ರತಿನಿಧಿ ಟಾರ್ಗೆಟ್ ಮುಟ್ಟಬೇಕೆಂದು ಮಾರ್ಚ್ ಕೊನೆಯಲ್ಲಿ ನನ್ನನ್ನು ಹಾಗೆ ಮಾರುವಂತೆ ಒತ್ತಾಯಿಸಿದ್ದರು. ಮಾರಲಿಲ್ಲ, ಆ ವರ್ಷದ ರಿಯಾಯಿತಿ ಕೈತಪ್ಪಿತು.

ಸಾಕಷ್ಟು ಸರ್ಕಾರಿ ಖರೀದಿ 2016ರಲ್ಲಿ ಶುರುವಾದ ಜೆಮ್ ಎಂಬ ಕೇಂದ್ರ ಸರ್ಕಾರದ ಆನ್‌ಲೈನ್ ಖರೀದಿ ಪೋರ್ಟಲಿಗೆ ಬಂದಿದೆ. ಅಲ್ಲಿ ಹೆಚ್ಚಿನ ಬಿಡ್‌ಗಳಲ್ಲಿ ಕಡಿಮೆ ದರದವನೇ ಗೆಲ್ಲುವುದರಿಂದ ಅರ್ತಿಂಗ್ ಬಗ್ಗೆ ಮಾತಾಡುವ ನನ್ನಂಥವರಿಗೆ ಜಾಗ ಕಡಿಮೆ. ಕೇಬಲ್ ಟಿವಿಯಿಂದ ಇಂಟರ್ನೆಟ್ಟಿಗೆ ಬಂದ ನಮ್ಮ ಊರುಗಳ ಹುಡುಗರು ಮನೆಗೆ ಬರುವ ಫೈಬರಿನ ತುದಿಯಲ್ಲಿ ಕೂರಿಸುವ ಓಎನ್‌ಯು ಪೆಟ್ಟಿಗೆಗಳನ್ನು ನೂರಾರು ಒಟ್ಟಿಗೆ ಕೊಳ್ಳುತ್ತಾರೆ, ಲಾಭ ತೀರಾ ಕಡಿಮೆ, ಉದ್ರಿ ಹೆಚ್ಚು. ಆದರೂ ಈ ವ್ಯಾಪಾರದಲ್ಲಿ ನನಗೆ ಹೆಚ್ಚು ಕಲಿಸಿದವರು ಅವರೇ. ಮಳೆಯಲ್ಲಿ ಮರ ಬಿದ್ದು ಫೈಬರ್ ಹರಿದರೆ ರಾತ್ರಿಯಲ್ಲಿ ಕೊಡೆ ಹಿಡಿದು ಎಳೆಗಳನ್ನು ಬೆಸೆಯುವ (ಸ್ಪ್ಲೈಸ್ ಮಾಡುವ) ಅವರಿಗೆ ಯಾವ ಸಾಮಾನು ಎಷ್ಟು ಮಳೆಗಾಲ ತಡೆಯುತ್ತದೆ ಎಂಬುದು ತಿಳಿದಿದೆ.

ಹಾಗಾಗಿ ಹೊಸ ಗಿರಾಕಿ ಬಂದಾಗ ಎಷ್ಟು ಕಂಪ್ಯೂಟರ್ ಎಂದು ಕೇಳುವ ಮೊದಲು, ನೆಟ್‌ವರ್ಕ್ ನಿಂತರೆ ಎಷ್ಟು ಹೊತ್ತು ತಡೆಯಬಲ್ಲಿರಿ ಎಂದು ಕೇಳುತ್ತೇನೆ. ಎರಡು ಗಂಟೆ ಎಂದವರಿಗೆ ಒಂದು ಬಗೆಯ ಸಾಮಾನು, ಎರಡು ದಿನ ಎಂದವರಿಗೆ ಇನ್ನೊಂದು ಬಗೆ. ವಾರಂಟಿಯ ಮಾತೂ ಇಲ್ಲಿಯೇ ಬರುತ್ತದೆ. ಸಿಡಿಲಿಗೆ ಸುಟ್ಟದ್ದಕ್ಕೆ ಸಾಮಾನ್ಯವಾಗಿ ವಾರಂಟಿ ಇಲ್ಲ. ವಾರಂಟಿ ಇರುವ ದೋಷಕ್ಕೂ ಪೆಟ್ಟಿಗೆ ಮುನ್ನೂರು ಕಿಲೋಮೀಟರ್ ದೂರದ ಬೆಂಗಳೂರಿಗೆ ಹೋಗಿ ಬರುವಷ್ಟರಲ್ಲಿ ವಾರ ಕಳೆಯುತ್ತದೆ. ಎರಡು ಗಂಟೆಯ ಗಿರಾಕಿಗೆ ಮೂರು ವರ್ಷದ ವಾರಂಟಿ ಕಾರ್ಡಿಗಿಂತ ನನ್ನ ಕಪಾಟಿನಲ್ಲಿರುವ ಒಂದು ಬದಲಿ ಸ್ವಿಚ್ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಬದಲಿ ಸಾಮಾನನ್ನು ಜಿಲ್ಲೆಯ ವ್ಯಾಪಾರಿಗಳ ಬಳಿಯೇ ಇಡಿ ಎಂದು ಕಂಪನಿಗಳನ್ನು ಕೇಳುತ್ತಲೇ ಇದ್ದೇನೆ, ಇನ್ನೂ ಯಾರೂ ಒಪ್ಪಿಲ್ಲ.

ಅವರು ಒಪ್ಪುವ ತನಕ ನಾವೇ ಒಂದು ವ್ಯವಸ್ಥೆ ಮಾಡಿಕೊಳ್ಳಬಹುದು. ಸಾಗರ, ತೀರ್ಥಹಳ್ಳಿ, ಹೊಸನಗರ, ಶಿಕಾರಿಪುರದಲ್ಲಿ ಇದೇ ವ್ಯಾಪಾರ ಮಾಡುವ ಮಿತ್ರರು ತಲಾ ಎರಡು ಸ್ವಿಚ್, ಎರಡು ರೂಟರ್, ಒಂದು ಜೊತೆ ಮೀಡಿಯಾ ಕನ್ವರ್ಟರ್ ಬದಲಿಗೆಂದು ಎತ್ತಿಟ್ಟು, ಯಾರ ಗಿರಾಕಿಗಾದರೂ ಹತ್ತಿರದ ಅಂಗಡಿಯಿಂದ ಕೊಡುವುದು, ಲೆಕ್ಕವನ್ನು ತಿಂಗಳ ಕೊನೆಗೆ ಮುಗಿಸುವುದು. ನನ್ನ ಪಾಲಿನದನ್ನು ಮೇಲಿನ ಕಪಾಟಿನಲ್ಲಿ ಈಗಾಗಲೇ ಎತ್ತಿಟ್ಟಿದ್ದೇನೆ. ಒಪ್ಪಿಗೆ ಇರುವವರು ಮಾರ್ಚ್ ಮುಗಿಯುವುದರೊಳಗೆ ತಿಳಿಸಿ, ಮೊದಲ ಗುಡುಗಿಗೆ ಮುಂಚೆ ಒಮ್ಮೆ ಕೂತು ಮಾತಾಡೋಣ.