ಗಲಭೆ ಇದ್ದೇ ಇರುತ್ತೆ, ಮ್ಯಾಚ್ ತಪ್ಪಬಾರದು

ಮುಂಬೈ ಪ್ರಾಂತ್ಯದ ಗವರ್ನರ್ ಆಗೋದಕ್ಕೆ ಏನು ಬೇಕಿತ್ತು? ಈಟನ್ ಶಾಲೆ, ಆಕ್ಸ್‌ಫರ್ಡ್, ಹೆಸರಿನ ಮುಂದೊಂದು ಲಾರ್ಡ್, ಕೈಯಲ್ಲೊಂದು ಬ್ಯಾಟು. 1890ರಲ್ಲಿ ಬಂದಿಳಿದ ಲಾರ್ಡ್ ಹ್ಯಾರಿಸ್ ಸಾಹೇಬರಿಗೆ ಇಷ್ಟೂ ಇತ್ತು. ಇಂಗ್ಲೆಂಡ್ ಪರ ಆಡಿದ್ದು 4 ಟೆಸ್ಟ್, ನಾಲ್ಕಕ್ಕೂ ಅವರೇ ಕ್ಯಾಪ್ಟನ್. ಇನ್ನೊಬ್ಬರ ಕೈಕೆಳಗೆ ಟೆಸ್ಟ್ ಆಡಿ ಗೊತ್ತೇ ಇಲ್ಲ ಪುಣ್ಯಾತ್ಮನಿಗೆ.

ನಮಗೂ ಆ ಮನೆತನಕ್ಕೂ ಹಳೇ ನಂಟು. 1799ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದ ಜನರಲ್ ಹ್ಯಾರಿಸ್ ಇವರ ಮುತ್ತಾತ. ಆ ಸೇವೆಗೆ ಸಿಕ್ಕ ಬಿರುದಿನಲ್ಲಿ ಶ್ರೀರಂಗಪಟ್ಟಣವೂ ಇದೆ, ಮೈಸೂರೂ ಇದೆ. ಮರಿಮಗನ ಪಾಲಿಗೆ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಬಂದವು. ಆಗ ಇವೆಲ್ಲ ಮುಂಬೈ ಪ್ರಾಂತ್ಯದಲ್ಲೇ ಇದ್ದವಲ್ವಾ?

1893ರ ಆಗಸ್ಟ್ 11, ಶುಕ್ರವಾರ ಮುಂಬೈಯಲ್ಲಿ ಹಿಂದೂ-ಮುಸ್ಲಿಂ ಗಲಭೆ ಶುರುವಾಯಿತು. ಬೀದಿಯಲ್ಲಿ ಹೆಣ ಬಿದ್ದವು, ಪಟ್ಟಣಕ್ಕೆ ಸೈನ್ಯ ಇಳಿಯಿತು. ಗವರ್ನರ್ ಎಲ್ಲಿ? ಪುಣೆಯ ಗಣೇಶಖಿಂಡ್ ಬಂಗಲೆಯಲ್ಲಿ, ಕ್ರಿಕೆಟ್ ಆಡಿಕೊಂಡು ಆರಾಮಾಗಿದ್ದರು. ಪುಣೆ-ಮುಂಬೈ ನಡುವೆ ರೈಲೂ ಇತ್ತು, ತಂತಿಯೂ ಇತ್ತು. ಸಾಹೇಬರು ಬಂದದ್ದು ಒಂಬತ್ತನೇ ದಿನ. ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು ಹಾಕೋದಕ್ಕಾದರೂ ಬಂದರು ಅಂತ ಸಮಾಧಾನ ಮಾಡಿಕೊಳ್ಳೋಣ ಅಂದರೆ, ಅದೂ ಅಲ್ಲ. ಅವತ್ತು ಮುಂಬೈಯಲ್ಲಿ ಮ್ಯಾಚ್ ಇತ್ತು.

ಗಲಭೆ ಅವರಿಗೆ ಹೊಸದು ಅನ್ನೋ ಹಾಗಿಲ್ಲ. 1879ರಲ್ಲಿ ಸಿಡ್ನಿಯಲ್ಲಿ ಒಂದು ರನ್ ಔಟ್ ತೀರ್ಪಿಗೆ ಜನ ರೊಚ್ಚಿಗೆದ್ದು ಮೈದಾನಕ್ಕೆ ನುಗ್ಗಿದ್ದರು. ಯಾವನೋ ಹ್ಯಾರಿಸ್‌ಗೆ ಕೋಲಿನಿಂದ ಬಾರಿಸಿದ. ಆದರೂ ಅವರು ಮೈದಾನ ಬಿಟ್ಟು ಕದಲಲಿಲ್ಲ. ಕದಲಿದರೆ ಮ್ಯಾಚ್ ಕೈತಪ್ಪುತ್ತೆ ಅನ್ನೋ ಚಿಂತೆ. ಹದಿನಾಲ್ಕು ವರ್ಷ ಆದಮೇಲೆ ಮುಂಬೈ ಹೊತ್ತಿ ಉರಿದಾಗಲೂ ಅವರು ಮೈದಾನ ಬಿಟ್ಟು ಕದಲಲಿಲ್ಲ. ಸ್ಥಿರಚಿತ್ತ ಅಂದರೆ ಇದು!

ಹೋಗಲಿ, ಕ್ರಿಕೆಟ್ಟಿಗಾದರೂ ನ್ಯಾಯ ಸಿಕ್ಕಿತಾ? ಪಾರ್ಸಿ, ಹಿಂದೂ ಹುಡುಗರು ಆಡುತ್ತಿದ್ದ ಎಸ್‌ಪ್ಲನೇಡ್ ಮೈದಾನದಲ್ಲಿ ಬಿಳಿಯರು ಪೋಲೋ ಆಡುತ್ತಿದ್ದರು. ಕುದುರೆ ತುಳಿದ ನೆಲದಲ್ಲಿ ಗೊರಸಿನ ಗುಂಡಿ. ಚೆಂಡು ಒಮ್ಮೆ ಮೂಗಿಗೆ ಬಂದರೆ ಇನ್ನೊಮ್ಮೆ ಕಾಲಡಿ ನುಸುಳಬೇಕು. ಹುಡುಗರು ವರ್ಷಗಟ್ಟಲೆ ಅರ್ಜಿ ಬರೆದರು. ಇಂಗ್ಲೆಂಡ್ ತಂಡದ ಮಾಜಿ ಕ್ಯಾಪ್ಟನ್ನೇ ಗವರ್ನರ್, ಇನ್ನೇನು ಬೇಕು ಅಂದುಕೊಂಡಿರಬೇಕು ಪಾಪ. ಕ್ಯಾಪ್ಟನ್ ಸಾಹೇಬರು ತೀರ್ಪು ಕೊಟ್ಟರು: ಪೋಲೋ ನಡೆಯಲಿ! ಕಡಲ ದಂಡೆಯಲ್ಲಿ ಪಾರ್ಸಿಗಳ ಜಿಮ್ಖಾನಾಕ್ಕೆ, ಅಂದರೆ ಆಟದ ಕ್ಲಬ್ಬಿಗೆ, ಅವರು ಬರೋ ಮೊದಲೇ ಜಾಗ ಸಿಕ್ಕಿತ್ತು; ಆಮೇಲೆ ಅದರ ಪಕ್ಕದಲ್ಲೇ ಮುಸ್ಲಿಮರಿಗೊಂದು, ಹಿಂದೂಗಳಿಗೊಂದು ಅಂತ ಸಿಕ್ಕಿತು. ಜಾತಿ ನೋಡಿ ಪಂಕ್ತಿ ಹಾಕಿಸಿದ ಹಾಗೆ.

1895ರಲ್ಲಿ ಊರಿಗೆ ವಾಪಸ್ ಹೋದರು. ಹಿಂದೆಯೇ ಮುಂಬೈ ಶಾಲೆಗಳ ಟೂರ್ನಿಗೆ ಹ್ಯಾರಿಸ್ ಶೀಲ್ಡ್ ಅಂತ ಹೆಸರಾಯಿತು. 1988ರಲ್ಲಿ ಸಚಿನ್, ಕಾಂಬ್ಳಿ ಸೇರಿ 664 ರನ್ ಚಚ್ಚಿದ್ದು ಅದೇ ಟೂರ್ನಿಯಲ್ಲಿ. ಎಷ್ಟೋ ಊರು, ರಸ್ತೆ, ರೈಲು ನಿಲ್ದಾಣಗಳ ಹೆಸರು ಬದಲಾದವು, ಶೀಲ್ಡ್ ಹಾಗೇ ಇದೆ. ಆ ಅರ್ಜಿ ಬರೆದ ಹುಡುಗರ ಹೆಸರಿನಲ್ಲಿ ಒಂದು ಸ್ಟೀಲ್ ಲೋಟವನ್ನಾದರೂ ಇಟ್ಟಿದ್ದರೆ ಹೇಳಿ.