ಗಂಡ ಕೇಳಿದ ಕೂಡ್ಲೇ ಮಗುವಿಗೆ ಡಿಎನ್ಎ ಟೆಸ್ಟ್ ಮಾಡಿಸ್ಬೇಕಾ? ಪರ-ವಿರೋಧ

ಪರ

ಮದುವೆ ಊರ್ಜಿತದಲ್ಲಿದ್ದಾಗ ಇಲ್ಲಾ ಡೈವೋರ್ಸ್ ಆಗಿ 280 ದಿನದೊಳಗೆ ಮಗು ಹುಟ್ಟಿದ್ರೆ ಅದು ಗಂಡನದ್ದೇ ಅನ್ನುತ್ತೆ ಕಾನೂನು, ಆ ಟೈಮಲ್ಲಿ ಇಬ್ರೂ ಸೇರೋಕೆ ಅವಕಾಶನೇ ಇರ್ಲಿಲ್ಲ ಅಂತ ಅವನು ಪ್ರೂವ್ ಮಾಡಿದ್ರೆ ಮಾತ್ರ ವಿನಾಯ್ತಿ. ಇದು 1872ರ ಎವಿಡೆನ್ಸ್ ಆಕ್ಟ್ ಮಾತು, 2024ರ ಜುಲೈನಿಂದ ಜಾರಿಯಾದ ಹೊಸ ಸಾಕ್ಷ್ಯ ಕಾಯ್ದೆಲೂ 116ನೇ ಸೆಕ್ಷನ್ ಆಗಿ ಹಾಗೇ ಉಳ್ಕೊಂಡಿದೆ. ಆಗ ಬೇರೆ ದಾರಿ ಇರ್ಲಿಲ್ಲ ಸರಿ, ಈಗ ಕೆನ್ನೆ ಒಳಗೆ ಹತ್ತಿ ಕಡ್ಡಿ ಆಡಿಸಿ ಲ್ಯಾಬಿಗೆ ಕೊಟ್ರೆ ಗೊತ್ತಾಗೋ ವಿಷಯಕ್ಕೆ ವರ್ಷಗಟ್ಲೆ ಕೋರ್ಟ್ ಅಲೀಬೇಕಾ? 2014ರಲ್ಲಿ ಒಂದು ಜೀವನಾಂಶದ ಕೇಸಲ್ಲಿ ಸುಪ್ರೀಂ ಕೋರ್ಟೇ ಕಾನೂನಿನ ಊಹೆಗಿಂತ ವಿಜ್ಞಾನದ ಸಾಕ್ಷಿ ಮೇಲು ಅಂತ ಹೇಳಿ ಗಂಡನ ಪರ ನಿಂತಿತ್ತು.

ಟೆಸ್ಟ್ ಅಂದ್ರೆ ಗಂಡಂದಿರಿಗೆ ಮಾತ್ರ ಲಾಭ ಅಂತಾನೂ ಅಲ್ಲ. ಮಾಜಿ ಮುಖ್ಯಮಂತ್ರಿ ಎನ್.ಡಿ. ತಿವಾರಿ ನಮ್ಮಪ್ಪ ಅಂತ ಮಗ ಕೋರ್ಟಿಗೆ ಹೋದಾಗ ಅವರು ರಕ್ತ ಕೊಡೋಕೇ ಒಪ್ಪಿರ್ಲಿಲ್ಲ, ಕೊನೆಗೆ 2012ರಲ್ಲಿ ಕೊಡ್ಲೇಬೇಕಾಯ್ತು, ರಿಪೋರ್ಟ್ ಮಗನ ಮಾತೇ ನಿಜ ಅಂತು.

ವಿರೋಧ

ತಿವಾರಿ ಕೇಸಲ್ಲಿ ಕೇಳಿದ್ದು ಬೆಳೆದು ದೊಡ್ಡವನಾದ ಮಗ, ತನಗೋಸ್ಕರ. ಡೈವೋರ್ಸ್ ಕೇಸಲ್ಲಿ ಕೇಳೋದು ಅಪ್ಪ, ಹೆಂಡ್ತಿ ಮೇಲಿನ ಸಿಟ್ಟಿಗೆ, ಬಾಯಿ ತೆರೆದು ಕೂರ್ಬೇಕಾಗಿರೋದು ಮಾತ್ರ ಒಂದನೇ ಕ್ಲಾಸಿನ ಮಗು. ಬೇಡ ಅನ್ನೋಕೆ ಅದಕ್ಕೆ ಬಾಯಿಲ್ಲ. ರಿಪೋರ್ಟ್ ನೆಗೆಟಿವ್ ಬಂತು ಅಂದ್ರೆ ಅಪ್ಪ ಹೋದ, ಅಜ್ಜಿ ತಾತ ಹೋದ್ರು, ಆಸ್ತಿಗೂ ಜೀವನಾಂಶಕ್ಕೂ ತಕರಾರು, ಇನಿಷಿಯಲ್ ಯಾರದ್ದು ಅಂತ ಸಂಬಂಧಿಕರು ಮದುವೆ ಮನೇಲಿ ಪಿಸುಗುಟ್ಟೋದು ಬೇರೆ, ಪಾಸಿಟಿವ್ ಬಂದ್ರೂ ಅಪ್ಪ ನನ್ನ ಮೇಲೇ ಅನುಮಾನಪಟ್ಟಿದ್ದ ಅನ್ನೋದನ್ನ ಆ ಮಗು ಮುಂದೊಂದಿನ ಕೋರ್ಟ್ ಪೇಪರಲ್ಲಿ ಓದೇ ಓದುತ್ತೆ.

ಹೆಂಡ್ತಿ ತಪ್ಪು ಮಾಡಿದಾಳೆ ಅನ್ಸಿದ್ರೆ ಅದನ್ನ ಬೇರೆ ಸಾಕ್ಷಿ ಇಟ್ಟು ಪ್ರೂವ್ ಮಾಡ್ಲಿ, ಯಾರೂ ತಡಿಯಲ್ಲ. 2023ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಬಂದಿದ್ದೂ ಇಂಥದ್ದೇ ಕೇಸು. ಅಮ್ಮನ ಮೇಲೆ ವ್ಯಭಿಚಾರದ ಆರೋಪ, ಅದಕ್ಕೆ ಎರಡನೇ ಮಗುವಿನ ಡಿಎನ್ಎ ಬೇಕಂತೆ. ಕೆಳಗಿನ ಕೋರ್ಟುಗಳು ಓಕೆ ಅಂದಿದ್ವು, ಸುಪ್ರೀಂ ಕೋರ್ಟ್ ಆ ಆರ್ಡರ್ ರದ್ದು ಮಾಡ್ತು. ಗಂಡ ಹೆಂಡ್ತಿ ಜಗಳದಲ್ಲಿ ಮಗು ಪಾರ್ಟಿನೇ ಅಲ್ವಲ್ಲ, ಮತ್ಯಾಕೆ ಅದನ್ನ ಲ್ಯಾಬಿಗೆ ಎಳ್ಕೊಂಡು ಹೋಗ್ಬೇಕು?